ವೃದ್ಧಾಶ್ರಮದ ಹಿರಿಯರು ಬೀಳದೆ ನಡೆದಾಡಲು ಹೇಗೆ ನೆರವಾಗಬೇಕು?

ಅಜ್ಜ-ಅಜ್ಜಿಯರು ಎಲ್ಲಿ ಬಿದ್ದುಬಿಡುತ್ತಾರೋ ಎಂಬ ಅಂಜಿಕೆಯಿಂದ ಅವರನ್ನು ಮಂಚದ ಮೇಲೆಯೇ ಕೂಡಿಸಿ, ಊಟ, ನೀರು, ಔಷಧವನ್ನೆಲ್ಲ ಕೈಗೇ ತಂದುಕೊಡುವ ಆರೈಕೆ ಮೇಲ್ನೋಟಕ್ಕೆ ಅಕ್ಕರೆಯದಾದರೂ, ಕಾಲಿನ ಸ್ನಾಯುಗಳನ್ನು ಸೊರಗಿಸಿ ಬೀಳುವ ಸಂಭವವನ್ನೇ ಹೆಚ್ಚಿಸುತ್ತದೆ. ಹುಬ್ಬಳ್ಳಿ-ಧಾರವಾಡದ ವೃದ್ಧಾಶ್ರಮಗಳಲ್ಲಿ ದುಡಿಯುವ ಆರೈಕೆದಾರರು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಇಲ್ಲಿವೆ.

ಮೊದಲು ನಡಿಗೆಯನ್ನು ಪರೀಕ್ಷಿಸಿ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿದು ಫಿಸಿಯೋಥೆರಪಿಸ್ಟರಿಗೆ ತೋರಿಸಬೇಕು. ಎದ್ದಾಗ ತಲೆ ಸುತ್ತುವವರ ರಕ್ತದೊತ್ತಡವನ್ನು ಮಲಗಿದ್ದಾಗ ಒಮ್ಮೆ, ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ಅಳೆಯಿರಿ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ಗುಳಿಗೆಗಳನ್ನು ವೈದ್ಯರು ಪರಿಶೀಲಿಸಬೇಕು, ನಾವಾಗಿ ನಿಲ್ಲಿಸಬಾರದು.

ಎಬ್ಬಿಸುವಾಗ ರಟ್ಟೆ ಹಿಡಿದು ಎಳೆಯುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕುರ್ಚಿಯ ಕೈಗಳನ್ನು ಒತ್ತಿದರೆ ಹೆಚ್ಚಿನವರು ತಾವಾಗಿಯೇ ಏಳಬಲ್ಲರು. ನೀವು ಬಲ ಕಡಿಮೆಯಿರುವ ಮಗ್ಗುಲಲ್ಲಿ ನಿಂತು, "ಅಜ್ಜಾರ, ನೀವ ಏಳ್ರಿ, ನಾ ಇಲ್ಲೇ ಅದೀನಿ" ಎಂದರೆ ಸಾಕು. ಆ ಎರಡು ನಿಮಿಷದ ತಾಳ್ಮೆ ಬೆಳಗಿನ ಗಡಿಬಿಡಿಯಲ್ಲಿ ಕಷ್ಟವೇ ಸರಿ.

ಮನೆಯಿಂದ ತಂದ ಕೋಲು ಅನೇಕ ವೇಳೆ ಉದ್ದವಾಗಿರುತ್ತದೆ. ದಿನನಿತ್ಯದ ಚಪ್ಪಲಿ ಮೆಟ್ಟಿ, ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಗೆ ಸಮವಾಗಿರಬೇಕು. ನೋವಿರುವುದು ಬಲಗಾಲಿಗಾದರೆ ಕೋಲು ಎಡಗೈಯಲ್ಲಿರಬೇಕು. ತುದಿಯ ರಬ್ಬರ್ ಸವೆದಿದ್ದರೆ ಕೂಡಲೇ ಬದಲಿಸಿ.

ನೆಲದ ಮೇಲೆ ಹಾಸಿದ ಕೌದಿ, ನೀರು ಚೆಲ್ಲಿದ ಫರಸಿ, ಹಿಂಬದಿ ಪಟ್ಟಿಯಿಲ್ಲದ ಹವಾಯಿ ಚಪ್ಪಲಿ, ಕಾಲಿಗೆ ತೊಡರುವ ಧೋತರ, ಇವೆಲ್ಲ ಬೀಳಿಸುವಂಥವೇ. ಬಚ್ಚಲಲ್ಲಿ ನಲ್ಲಿಯ ಪೈಪಾಗಲಿ ಟವೆಲ್ ಹಾಕುವ ಸರಳಾಗಲಿ ಮೈಭಾರ ತಡೆಯದು. ಗೋಡೆಗೆ ಗಟ್ಟಿಯಾಗಿ ಕೂರಿಸಿದ ಹಿಡಿಕೆ ಬೇಕು. ರಾತ್ರಿ ಮಂಚದಿಂದ ಶೌಚಾಲಯದವರೆಗೆ ಸಣ್ಣ ದೀಪ ಉರಿಯುತ್ತಿರಲಿ.

65 ದಾಟಿದವರು ಸಮತೋಲದ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ 3 ದಿನ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದರಿಂದ ಆರಂಭಿಸಬಹುದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಂಗಳ ಜಾರುವಾಗ ಪಡಸಾಲೆಯಲ್ಲೇ ನಡೆಸಿ. ಊಟದ ತಾಟನ್ನು ಅವರೇ ಹೋಗಿ ತೆಗೆದುಕೊಳ್ಳುವುದೂ ನಡಿಗೆಯೇ.

ಇಷ್ಟಾಗಿಯೂ ಬಿದ್ದರೆ ತಕ್ಷಣ ಎತ್ತಬೇಡಿ. ತೊಡೆಸಂದಿಯಲ್ಲಿ ನೋವಿದ್ದು, ಒಂದು ಕಾಲು ಗಿಡ್ಡವಾಗಿ ಹೊರಮಗ್ಗುಲಿಗೆ ತಿರುಗಿದ್ದರೆ ಮೂಳೆ ಮುರಿದಿರುವ ಸಂಭವವಿರುವುದರಿಂದ ಅಲುಗಿಸದೆ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರ ತಲೆಗೆ ಪೆಟ್ಟಾಗಿದ್ದರೆ, ಅವರು ಸರಿಯಾಗಿಯೇ ಮಾತನಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು.