ಡಾಗ್ ಶೋಗೆ ಇಳಿಯೋದು ಹೇಗೆ, ಹೊಸ ತಳಿಗೆ ಮಾನ್ಯತೆ ಕೊಡಿಸೋದು ಹೇಗೆ

ಡಾಗ್ ಶೋ ಅಂದರೆ ನಾಯಿಗಳ ಸೌಂದರ್ಯ ಸ್ಪರ್ಧೆ ಅಂತಲೇ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಶೋಗೆ ನಾಯಿಯನ್ನು ತಿಕ್ಕಿ ತೊಳೆದು, ಮಿರಿಮಿರಿ ಮಿಂಚುವ ಹಾಗೆ ಬಾಚಿ ಕರೆದುಕೊಂಡು ಹೋದೆ. ಜಡ್ಜ್ ಹಲ್ಲು ನೋಡಲು ಬಗ್ಗಿದ್ದೇ ತಡ, ನಾಯಿ ಹಿಂದಕ್ಕೆ ಸರಿದು ನನ್ನ ಕಾಲುಗಳ ಮಧ್ಯೆ ತೂರಿಕೊಂಡಿತು. ಮತ್ತೆ ನಿಲ್ಲಿಸಿದೆ, ಮತ್ತೆ ಅದೇ ಕಥೆ. ಗುರುತಿಲ್ಲದವರು ಬಾಯಿಗೆ ಕೈ ಹಾಕಿದರೆ ಸುಮ್ನೆ ನಿಲ್ಲಬೇಕು ಅಂತ ನಾನು ಅದಕ್ಕೆ ಕಲಿಸಿರಲೇ ಇಲ್ಲ. ನಾಯಿಯದೇನೂ ತಪ್ಪಿಲ್ಲ ಬಿಡಿ.

ಆವತ್ತು ಗೊತ್ತಾದ ಇನ್ನೊಂದು ವಿಷಯ, ಜಡ್ಜ್ ನೋಡುವುದು ನಿಮ್ಮ ನಾಯಿ ಪಕ್ಕದ ನಾಯಿಗಿಂತ ಚೆಂದವಾ ಅಂತಲ್ಲ. ಒಂದೊಂದು ತಳಿಗೂ ಬರೆದಿಟ್ಟ ಒಂದು ಕಾಗದ ಇದೆ, ಬ್ರೀಡ್ ಸ್ಟ್ಯಾಂಡರ್ಡ್ ಅಂತಾರೆ. ಹೆಗಲ ಎತ್ತರ ಎಷ್ಟಿರಬೇಕು, ಮೇಲಿನ ಹಲ್ಲು ಕೆಳಗಿನ ಹಲ್ಲು ಹೇಗೆ ಕೂಡಬೇಕು, ಬಾಲ ಎಲ್ಲಿರಬೇಕು, ಓಡುವಾಗ ಕಾಲು ಹೇಗೆ ಬೀಳಬೇಕು, ಸ್ವಭಾವ ಎಂಥದ್ದಿರಬೇಕು, ಎಲ್ಲಾ ಅದರಲ್ಲಿರುತ್ತದೆ. ಆ ಕಾಗದಕ್ಕೆ ಹತ್ತಿರ ಇರುವ ನಾಯಿ ಗೆಲ್ಲುತ್ತದೆ. ಹಾಗಾಗಿ ಶಾಂಪೂ ಕೊಳ್ಳುವ ಮೊದಲು ನಿಮ್ಮ ತಳಿಯ ಸ್ಟ್ಯಾಂಡರ್ಡ್ ಓದಿ. ಎರಡು ಸಲ ಓದಿ. ನಾಯಿಯನ್ನು ಎದುರಿಗೆ ನಿಲ್ಲಿಸಿಕೊಂಡು ಮೂರನೇ ಸಲ ಓದಿದರೆ ಇನ್ನೂ ಒಳ್ಳೆಯದು, ಆಗ ಕಣ್ಣಿಗೆ ಕಟ್ಟಿದ ಪ್ರೀತಿಯ ಪಟ್ಟಿ ಸ್ವಲ್ಪ ಸಡಿಲವಾಗುತ್ತದೆ.

ಆಮೇಲೆ ಯಾವ ಸಂಸ್ಥೆಯ ಶೋ ಅಂತ ನೋಡಿಕೊಳ್ಳಿ. ತಳಿಗಳ ದಾಖಲೆ ಇಟ್ಟು ಶೋಗೆ ನಿಯಮ ಮಾಡುವ ಸಂಸ್ಥೆಗಳಿಗೆ ಕೆನಲ್ ಕ್ಲಬ್ ಅಂತಾರೆ. ಬ್ರಿಟನ್ನಿನ ಕೆನಲ್ ಕ್ಲಬ್ 1873ರದ್ದು, ಅಮೆರಿಕದ ಎಕೆಸಿ, ಅಂದರೆ ಅಮೆರಿಕನ್ ಕೆನಲ್ ಕ್ಲಬ್, 1884ರದ್ದು. 1911ರಲ್ಲಿ ಐದು ಯುರೋಪಿಯನ್ ದೇಶಗಳು ಸೇರಿ ಕಟ್ಟಿದ ಅಂತಾರಾಷ್ಟ್ರೀಯ ಒಕ್ಕೂಟ ಎಫ್‌ಸಿಐಗೆ ಈಗ ಬೇರೆ ಬೇರೆ ಖಂಡಗಳ ಕ್ಲಬ್ಬುಗಳು ಸೇರಿವೆ. ಒಬ್ಬರ ನಿಯಮ ಇನ್ನೊಬ್ಬರಿಗೆ ಹೊಂದಲ್ಲ. ಎಕೆಸಿ ತಳಿಗಳನ್ನು 7 ಗುಂಪು ಮಾಡಿದೆ, ಎಫ್‌ಸಿಐ 10 ಮಾಡಿದೆ. ಒಂದು ಕಡೆ ಪೂರ್ತಿ ಮಾನ್ಯತೆ ಇರುವ ತಳಿಗೆ ಇನ್ನೊಂದು ಕಡೆ ರಿಂಗಿನ (ಸ್ಪರ್ಧೆ ನಡೆಯುವ ಅಂಗಳದ) ಒಳಗೇ ಜಾಗ ಇಲ್ಲದೆ ಇರಬಹುದು. ಎಕೆಸಿಯ ತಳಿ ಶೋಗಳಲ್ಲಿ ಸಂತಾನಹರಣ ಮಾಡಿಸಿದ ನಾಯಿಯನ್ನು ಸಾಮಾನ್ಯ ಕ್ಲಾಸುಗಳಿಗೆ ಸೇರಿಸುವುದಿಲ್ಲ. ಯಾಕೆ ಅಂದರೆ ಈ ಶೋಗಳ ಉದ್ದೇಶವೇ ಮುಂದಿನ ಪೀಳಿಗೆಗೆ ಯಾವ ನಾಯಿಯಿಂದ ಮರಿ ತೆಗೆಯಬಹುದು ಅಂತ ನೋಡುವುದು. 1859ರಲ್ಲಿ ನ್ಯೂಕಾಸಲ್‌ನಲ್ಲಿ ನಡೆದ ಶೋನಿಂದ ಈಗಿನ ಡಾಗ್ ಶೋಗಳ ಲೆಕ್ಕ ಶುರುವಾಗುತ್ತದೆ. ಅಲ್ಲಿಗೆ ಬಂದಿದ್ದು ಪಾಯಿಂಟರ್ ಮತ್ತು ಸೆಟರ್ ಮಾತ್ರ, ಎರಡೂ ಬೇಟೆಯ ನಾಯಿಗಳು.

ಇನ್ನು ತಯಾರಿ. ನಾಯಿಯನ್ನು ನಿಲ್ಲಿಸುವುದಕ್ಕೆ ಸ್ಟ್ಯಾಕ್ ಮಾಡೋದು ಅಂತಾರೆ. ಹೊಸಬರು ಪಾದ ಹಿಡಿದು ಕಾಲು ಎಳೆಯುತ್ತಾರೆ, ನಾಯಿ ತಕ್ಷಣ ಕಾಲು ಕಿತ್ತುಕೊಳ್ಳುತ್ತದೆ. ಪಾದ ಮುಟ್ಟಬೇಡಿ. ಎಡಗೈಯಿಂದ ನಾಯಿಯ ಮೊಣಕೈ ಹತ್ತಿರ ಹಿಡಿದು ಮುಂಗಾಲನ್ನು ಸ್ವಲ್ಪ ಎತ್ತಿ ಹೆಗಲಿನ ನೇರಕ್ಕೆ ಕೆಳಗೆ ಬಿಡಿ. ಬಲಗೈ ಗದ್ದದ ಕೆಳಗೇ ಇರಲಿ, ತಲೆ ಅಲ್ಲಾಡಿದರೆ ಇಡೀ ಮೈಯ ಭಾರ ಅಲ್ಲಾಡುತ್ತದೆ. ಹಿಂಗಾಲನ್ನು ಹಿಮ್ಮಡಿಯ ಗಂಟಿನ ಮೇಲೆ ಹಿಡಿದು ಇಡಿ. ಗಂಟಿನಿಂದ ನೆಲದವರೆಗಿನ ಭಾಗ ಗೋಡೆ ಥರ ನೆಟ್ಟಗೆ ನಿಂತರೆ ಸಾಮಾನ್ಯವಾಗಿ ಸರಿ ಇದೆ ಅಂತ ಲೆಕ್ಕ. ಜರ್ಮನ್ ಶೆಪರ್ಡ್ ಬೇರೆ ಥರ ನಿಲ್ಲುತ್ತದೆ, ಅದಕ್ಕೇ ಸ್ಟ್ಯಾಂಡರ್ಡ್ ಓದಿ ಅಂದಿದ್ದು. ದಿನಕ್ಕೆ ಎರಡು ನಿಮಿಷ ಸಾಕು. ಹತ್ತು ನಿಮಿಷ ಮಾಡಿದರೆ ಮರಿಗೆ ಬೇಜಾರಾಗಿ ಮಾರನೇ ದಿನ ನಿಮ್ಮನ್ನು ನೋಡಿದರೇ ಓಡುತ್ತದೆ.

ಓಟಕ್ಕೂ ಅಭ್ಯಾಸ ಬೇಕು. ಜಡ್ಜ್ ನೇರ ಹೋಗಿ ಬನ್ನಿ ಅನ್ನಬಹುದು, ತ್ರಿಕೋನದಲ್ಲಿ ಓಡಿಸಿ ಅನ್ನಬಹುದು. ನಾಯಿ ನಿಮ್ಮ ಎಡಕ್ಕಿರಲಿ. ನಾಯಿಗೂ ಜಡ್ಜ್‌ಗೂ ಮಧ್ಯೆ ನೀವು ಅಡ್ಡ ಬರಬಾರದು. ನಿಧಾನವಾಗಿ ಎಳೆದುಕೊಂಡು ಹೋದರೆ ಎಷ್ಟೋ ನಾಯಿಗಳು ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿ ಒಂಟೆಯ ಹಾಗೆ ತೂಗಾಡುತ್ತಾ ನಡೆಯುತ್ತವೆ. ಮೊದಲ ಎರಡು ಹೆಜ್ಜೆ ಚುರುಕಾಗಿ ಹಾಕಿ, ನಾಯಿ ಸರಿಯಾದ ಲಯದ ಓಟಕ್ಕೆ (ಟ್ರಾಟ್ ಅಂತಾರೆ) ಬಂದುಬಿಡುತ್ತದೆ. ಯಾರಿಗಾದರೂ ಹೇಳಿ ಪಕ್ಕದಿಂದ ವಿಡಿಯೋ ಮಾಡಿಸಿಕೊಳ್ಳಿ, ಲೀಡ್ ಹಿಡಿದವರಿಗೆ ಇದು ಕಾಣಲ್ಲ. ಮತ್ತೆ, ಸಿಕ್ಕಸಿಕ್ಕವರಿಂದ ಹಲ್ಲು, ಕಿವಿ, ಕಾಲು ಮುಟ್ಟಿಸಿ. ಗಂಡು ನಾಯಿಯಾದರೆ ಬೀಜ ಎರಡೂ ಇಳಿದಿವೆಯಾ ಅಂತಲೂ ಜಡ್ಜ್ ಕೈ ಹಾಕಿ ನೋಡುತ್ತಾರೆ, ಅದಕ್ಕೂ ಬೆದರಬಾರದು.

ಚಾಂಪಿಯನ್ ಆಗುವ ಲೆಕ್ಕ ಒಂದೊಂದು ಕಡೆ ಒಂದೊಂದು. ಎಕೆಸಿಯಲ್ಲಿ 15 ಪಾಯಿಂಟ್ ಬೇಕು, ಕನಿಷ್ಠ ಮೂವರು ಜಡ್ಜ್‌ಗಳಿಂದ ಬರಬೇಕು, ಅದರಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಪಾಯಿಂಟಿನ ಗೆಲುವು ಎರಡಾದರೂ ಇರಬೇಕು. ಬ್ರಿಟನ್ನಿನಲ್ಲಿ ಮೂವರು ಬೇರೆ ಬೇರೆ ಜಡ್ಜ್‌ಗಳಿಂದ ಮೂರು ಚಾಲೆಂಜ್ ಸರ್ಟಿಫಿಕೇಟ್ (ತಳಿಯ ಅತ್ಯುತ್ತಮ ಗಂಡು ಅಥವಾ ಹೆಣ್ಣು ನಾಯಿಗೆ ಕೊಡುವ ಪತ್ರ) ಬೇಕು. ಶುರುವಿನಲ್ಲಿ ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಒಂದು ಶೋ ಪೂರ್ತಿ ಕೂತು ನೋಡಿ ಬನ್ನಿ, ಹತ್ತು ವಿಡಿಯೋಗಿಂತ ಅದು ಲೇಸು.

ಈಗ ಎರಡನೇ ಪ್ರಶ್ನೆ. ‘ನನ್ನ ಹತ್ತಿರ ಇರುವುದು ಹೊಸ ತಳಿ, ಕ್ಲಬ್ ಯಾಕೆ ಒಪ್ಪಲ್ಲ?’

ಎರಡು ಜಾತಿ ನಾಯಿ ಕೂಡಿಸಿ, ಎರಡು ಹೆಸರೂ ಕೂಡಿಸಿದರೆ ತಳಿ ಆಗುವುದಿಲ್ಲ. ಲ್ಯಾಬ್ರಡೂಡಲ್ ಕಥೆ ನೋಡಿ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಕುರುಡರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಕೆಲಸದಲ್ಲಿದ್ದರು. ಹವಾಯಿಯ ಕಣ್ಣು ಕಾಣದ ಮಹಿಳೆಯೊಬ್ಬರಿಗೆ ನಾಯಿ ಬೇಕಿತ್ತು, ಆದರೆ ಗಂಡನಿಗೆ ನಾಯಿಯ ಕೂದಲಿನ ಅಲರ್ಜಿ. ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಕೂಡಿಸಿದರು, ಮೂರು ಮರಿ ಹುಟ್ಟಿದವು. ಮೂರರಲ್ಲಿ ಅಲರ್ಜಿ ತರದೇ ಇದ್ದದ್ದು ಒಂದೇ! ಒಂದೇ ತಾಯಿ, ಒಂದೇ ತಂದೆ, ಒಂದೇ ಸೂಲು. ತಳಿ ಅಂದರೆ ಇದರ ಉಲ್ಟಾ. ಇಬ್ಬರನ್ನು ಕೂಡಿಸಿದರೆ ಹುಟ್ಟುವ ಮರಿ ಹೇಗಿರುತ್ತದೆ ಅಂತ ಮೊದಲೇ ಹೇಳಲು ಬರಬೇಕು, ಅದರ ಮರಿಗಳದ್ದೂ, ಅವುಗಳ ಮರಿಗಳದ್ದೂ. ಎಕೆಸಿಯಂತೂ ತನ್ನಲ್ಲಿ ಈಗಾಗಲೇ ಇರುವ ಎರಡು ತಳಿಗಳ ಮಿಶ್ರಣವನ್ನಾಗಲಿ, ಇರುವ ತಳಿಯದೇ ಬೇರೆ ಗಾತ್ರ, ಬೇರೆ ಬಣ್ಣವನ್ನಾಗಲಿ ಹೊಸ ತಳಿ ಅಂತ ತೆಗೆದುಕೊಳ್ಳುವುದೇ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಪುಸ್ತಕದಿಂದ. ನಿಜವಾಗಿಯೂ ಒಂದು ಪುಸ್ತಕ, ಇಲ್ಲವೇ ಕಂಪ್ಯೂಟರಿನಲ್ಲಿ ಒಂದು ಪಟ್ಟಿ. ಒಂದೊಂದು ನಾಯಿಗೂ ಒಂದು ಪುಟ. ಹೆಸರು, ಹುಟ್ಟಿದ ದಿನ, ಮೈಕ್ರೋಚಿಪ್ ನಂಬರ್, ಎತ್ತರ, ತೂಕ, ಹಲ್ಲಿನ ಜೋಡಣೆ, ಸೊಂಟದ ಎಕ್ಸ್‌ರೇ ಫಲಿತಾಂಶ, ಕಣ್ಣಿನ ಪರೀಕ್ಷೆಯ ದಿನಾಂಕ. ಅದರ ಕೆಳಗೆ ಮೂರು ತಲೆಮಾರು: ತಂದೆ ತಾಯಿ 2, ಅವರ ತಂದೆ ತಾಯಿ 4, ಅವರ ಹಿಂದಿನವರು 8, ಒಟ್ಟು 14 ಹೆಸರು. ಆ ಕೊನೆಯ ಎಂಟರಲ್ಲಿ ಒಂದೇ ಹೆಸರು ಮೂರು ಸಲ ಬಂದರೆ ನಿಮ್ಮ ತಳಿ ಒಂದೇ ನಾಯಿಯ ಬೆನ್ನ ಮೇಲೆ ನಿಂತಿದೆ ಅಂತ ಅರ್ಥ. ಸತ್ತ ನಾಯಿ ಯಾವುದರಿಂದ ಸತ್ತಿತು ಅಂತಲೂ ಬರೆಯಿರಿ. ಇದನ್ನು ಯಾರೂ ಬರೆಯಲ್ಲ, ಕೊನೆಗೆ ಎಲ್ಲರೂ ಹುಡುಕುವುದು ಇದನ್ನೇ.

ಪುಸ್ತಕದ ಜೊತೆ ಜನ ಬೇಕು. ಒಬ್ಬ ಬ್ರೀಡರ್‌ನ ಮನೆ ತುಂಬ ನಾಯಿ ಇದ್ದರೆ ಅದು ತಳಿ ಅನ್ನಿಸಿಕೊಳ್ಳಲ್ಲ. ಎಕೆಸಿ ದಾರಿ ಹೀಗಿದೆ: ಮೊದಲು ಫೌಂಡೇಶನ್ ಸ್ಟಾಕ್ ಸರ್ವೀಸ್ ಅನ್ನುವ ದಾಖಲೆ ಪಟ್ಟಿಗೆ ಸೇರಬೇಕು. ಮೂರು ತಲೆಮಾರಿನ ವಂಶಾವಳಿ ಇರುವ 150 ನಾಯಿಗಳು, ಒಂದು ರಾಷ್ಟ್ರೀಯ ಕ್ಲಬ್, ಒಂದು ಸ್ಟ್ಯಾಂಡರ್ಡ್ ಆದ ಮೇಲೆ ಮಿಸಲೇನಿಯಸ್ ಕ್ಲಾಸ್‌ಗೆ ಕೇಳಿಕೊಳ್ಳಬಹುದು. ಅಲ್ಲಿ ರಿಂಗಿಗೆ ಇಳಿಯಬಹುದು, ಚಾಂಪಿಯನ್ ಪಾಯಿಂಟ್ ಸಿಗಲ್ಲ. ಪೂರ್ತಿ ಮಾನ್ಯತೆಗೆ 300ರಿಂದ 400 ನಾಯಿ, ಅವು 20 ರಾಜ್ಯಗಳಲ್ಲಾದರೂ ಹರಡಿರಬೇಕು, ಕ್ಲಬ್ಬಿನಲ್ಲಿ ಸುಮಾರು 100 ಮನೆಗಳವರು ಸದಸ್ಯರಾಗಿರಬೇಕು. ಬ್ರಾಕೋ ಇಟಾಲಿಯಾನೋ 2022ರಲ್ಲಿ ಸೇರಿ ಎಕೆಸಿಯ 200ನೇ ತಳಿ ಆಯಿತು. ಇಟಲಿಯಲ್ಲಿ ಶತಮಾನಗಳಿಂದ ಇದ್ದ ನಾಯಿ ಅದು!

ಎಫ್‌ಸಿಐ ನಾಯಿಗಳ ಸಂಖ್ಯೆಗಿಂತ ರಕ್ತ ಸಂಬಂಧ ನೋಡುತ್ತದೆ. ಒಂದಕ್ಕೊಂದು ನಂಟಿಲ್ಲದ ಎಂಟು ವಂಶಗಳು ಬೇಕು, ಒಂದೊಂದರಲ್ಲೂ ಕನಿಷ್ಠ 2 ಗಂಡು, 6 ಹೆಣ್ಣು. ಒಪ್ಪಿದರೂ ಮೊದಲು ತಾತ್ಕಾಲಿಕ ಮಾನ್ಯತೆ ಅಷ್ಟೇ, ಆ ಅವಧಿಯಲ್ಲಿ ಅಂತಾರಾಷ್ಟ್ರೀಯ ಚಾಂಪಿಯನ್ ಪದವಿಗೆ ಬೇಕಾದ ಸಿಎಸಿಐಬಿ ಅನ್ನುವ ಸರ್ಟಿಫಿಕೇಟ್ ಸಿಗಲ್ಲ. ನನ್ನ ಕೇಳಿದರೆ ಇದೇ ಒಳ್ಳೆಯ ಪದ್ಧತಿ.

ಎಷ್ಟು ಕಾಲ ಹಿಡಿಯುತ್ತದೆ? ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪಾನಿಯಲ್ ನೋಡಿ. ಹಳೇ ಚಿತ್ರಗಳಲ್ಲಿ ಕಾಣುವ ಉದ್ದ ಮೂತಿಯ ಪುಟ್ಟ ಸ್ಪಾನಿಯಲ್ ಮಾಯವಾಗಿ, ಚಪ್ಪಟೆ ಮೂತಿಯದ್ದೇ ಉಳಿದಿತ್ತು. ರೋಸ್ವೆಲ್ ಎಲ್ಡ್ರಿಡ್ಜ್ ಅನ್ನುವ ಅಮೆರಿಕನ್ 1926ರಲ್ಲಿ ಬ್ರಿಟನ್ನಿನ ಕ್ರಫ್ಟ್ಸ್ ಡಾಗ್ ಶೋನಲ್ಲಿ ಹಳೇ ಥರದ ನಾಯಿ ತಂದವರಿಗೆ 25 ಪೌಂಡ್ ಬಹುಮಾನ ಇಟ್ಟರು. 1928ರಲ್ಲಿ ಕ್ಲಬ್ ಆಯಿತು, ಆನ್ಸ್ ಸನ್ ಅನ್ನುವ ನಾಯಿಯನ್ನು ಎದುರಿಗಿಟ್ಟುಕೊಂಡು ಸ್ಟ್ಯಾಂಡರ್ಡ್ ಬರೆದರು. ಕೆನಲ್ ಕ್ಲಬ್ ಪ್ರತ್ಯೇಕ ತಳಿ ಅಂತ ಒಪ್ಪಿದ್ದು 1945ರಲ್ಲಿ. ಇದ್ದ ತಳಿಯ ಒಳಗಿನಿಂದಲೇ ಹೆಕ್ಕಿ ತೆಗೆದದ್ದಕ್ಕೇ 19 ವರ್ಷ.

ಕೊನೆಗೆ, ಅರ್ಜಿ ಹಾಕುವ ಮೊದಲು ನಿಮ್ಮವರೆಲ್ಲರಿಗೂ ಇದು ಬೇಕಾ ಅಂತ ಕೇಳಿ. ಬಾರ್ಡರ್ ಕಾಲಿಯನ್ನು ಎಕೆಸಿ 1995ರಲ್ಲಿ ಸೇರಿಸಿಕೊಂಡಾಗ ಕುರಿ ಕಾಯುವ ನಾಯಿ ಸಾಕಿದವರು ಜೋರಾಗಿ ವಿರೋಧಿಸಿದರು, ರೂಪ ನೋಡಿ ಮರಿ ತೆಗೆಯುತ್ತಾ ಹೋದರೆ ಕೆಲಸದ ಬುದ್ಧಿ ಹೋಗುತ್ತದೆ ಅನ್ನುವುದು ಅವರ ವಾದ. ಜಾಕ್ ರಸೆಲ್‌ದೂ ಅದೇ ಜಗಳ, 1997ರಲ್ಲಿ ಆ ಹೆಸರಲ್ಲೇ ಎಕೆಸಿ ಒಪ್ಪಿದ ನಾಯಿ 2003ರಲ್ಲಿ ಪಾರ್ಸನ್ ರಸೆಲ್ ಅಂತ ಹೆಸರು ಬದಲಿಸಿಕೊಳ್ಳಬೇಕಾಯಿತು. ಎಲ್ಲರೂ ಹೂಂ ಅಂದರೆ ಇನ್ನೊಂದು ಮಾತು ಕೇಳಿಟ್ಟುಕೊಳ್ಳಿ: ಮಾನ್ಯತೆ ಸಿಕ್ಕ ಮೇಲೆ ನೋಂದಣಿ ಪುಸ್ತಕ ಎಷ್ಟು ವರ್ಷ ತೆರೆದಿರುತ್ತದೆ? ಅದು ಮುಚ್ಚಿದ ಮೇಲೆ ಹೊರಗಿನ ಒಳ್ಳೇ ನಾಯಿ ಸಿಕ್ಕರೂ ಒಳಗೆ ತರುವುದು ಕಷ್ಟ. ಪುಸ್ತಕ ಆದಷ್ಟು ಜಾಸ್ತಿ ವರ್ಷ ತೆರೆದಿಡಿ ಅಂತ ಅರ್ಜಿಯಲ್ಲೇ ಕೇಳಿ.