ಹೆಂಚಿನ ಮನೆಯಲ್ಲಿ ಫ್ಲ್ಯಾಶ್ ಹೊಡೆದು ಕಲಿತದ್ದು

ಫ್ಲ್ಯಾಶ್ ಕೊಂಡ ಅಂಗಡಿಯ ಗೋಡೆ ಬೆಳ್ಳಗಿತ್ತು, ಮೇಲಿನ ತಾರಸಿಯೂ ಬೆಳ್ಳಗಿತ್ತು. ಫ್ಲ್ಯಾಶ್ ತಲೆಯನ್ನು ಮೇಲಕ್ಕೆ ತಿರುಗಿಸಿ ಹೊಡೆದರೆ ಬೆಳಕು ಮೆತ್ತಗೆ ಇಳಿದು ಬಂತು. ಇಷ್ಟು ಸಾಕು ಎಂದುಕೊಂಡು ದುಡ್ಡು ಕೊಟ್ಟು ಚಿಕ್ಕಮಗಳೂರಿನ ಬಸ್ ಹತ್ತಿದೆ.

ಮೊದಲ ಕೆಲಸ ಮೂಡಿಗೆರೆ ಕಡೆಯ ಒಂದು ತೊಟ್ಟಿಮನೆಯಲ್ಲಿ. ಎಂಬತ್ತು ದಾಟಿದ ಅಜ್ಜಿಯ ಫೋಟೊ ಬೇಕಿತ್ತು. ಅದೇ ಧೈರ್ಯದಲ್ಲಿ ಮೇಲಕ್ಕೆ ಹೊಡೆದೆ. ಮೇಲೆ ಏನಿದೆ? ಹೊಗೆ ಕುಡಿದು ಕಪ್ಪಾದ ಜಂತಿ, ಅದರ ಮೇಲೆ ಹೆಂಚು. ಬೆಳಕೆಲ್ಲ ಅಲ್ಲೇ ಇಂಗಿಹೋಯಿತು. ಸರಿ, ನೇರ ಹೊಡೆದೆ. ಹಣೆ ಸುಣ್ಣ ಬಳಿದ ಹಾಗೆ, ಹಿಂದಿನ ಗೋಡೆಯಲ್ಲಿ ಕರೀ ನೆರಳು, ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ. "ಎಂತ ಮಾರಾಯ, ಮಿಂಚು ಹೊಡೆದ ಹಾಗೆ ಆಯ್ತಲ್ಲ" ಎಂದರು ಅಜ್ಜಿ. ಕೊನೆಗೆ ಜಗಲಿಯ ಬೆಳಕಲ್ಲಿ ಕೂರಿಸಿ ತೆಗೆದು ಬಂದೆ. ಆ ದಿನ ಫ್ಲ್ಯಾಶ್ ಬ್ಯಾಗಿನಲ್ಲಿ ಸುಮ್ನೆ ಭಾರ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಪವರ್ ಜಾಸ್ತಿ ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ಕರೆಂಟಿನ ಸ್ಟುಡಿಯೋ ಲೈಟ್ ಎರಡು ತಂದೆ. ಆ ದುಡ್ಡಿಗೆ ಅಷ್ಟು ಬೆಳಕು ಬೇರೆ ಯಾವುದೂ ಕೊಡುವುದಿಲ್ಲ, ನಿಜ. ಆದರೆ ಜುಲೈ ತಿಂಗಳಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಮಳೆಗಾಲ ಮುಗಿಯುವ ಮೊದಲೇ ಮಾರಿಬಿಟ್ಟೆ.

ಈಗ ನನ್ನ ಹತ್ತಿರ ಇರುವುದು ಗೋಡಾಕ್ಸ್ ಕಂಪನಿಯ ಚಿಕ್ಕ ಫ್ಲ್ಯಾಶ್ ಟಿಟಿ600 ಒಂದು, ಅದಕ್ಕಿಂತ ಜೋರಾದ ಬ್ಯಾಟರಿ ಫ್ಲ್ಯಾಶ್ ಎಡಿ200 ಒಂದು, ಎರಡನ್ನೂ ಕ್ಯಾಮೆರಾದಿಂದ ವೈರ್ ಇಲ್ಲದೆ ಹೊಡೆಸುವ ಟ್ರಿಗರ್. ಕ್ಯಾಮೆರಾ ಕಂಪನಿ ಬದಲಾದರೂ ಟ್ರಿಗರ್ ಮಾತ್ರ ಬದಲಿಸಿದರೆ ಸಾಕು. ಟಿಟಿ600ಕ್ಕೆ ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಪವರ್ ಇಡುವ ವ್ಯವಸ್ಥೆ) ಇಲ್ಲ, ಪವರ್ ಕೈಯಲ್ಲೇ ಇಡಬೇಕು. ಕೂತ ಜನರ ಫೋಟೊಗೆ ನನಗೆ ಅದೇ ಇಷ್ಟ. ಬಿಳಿ ಪಂಚೆಯವರು ಬಂದರು, ಕಪ್ಪು ಕೋಟಿನವರು ಬಂದರು ಅಂತ ಬೆಳಕು ಏರಿಳಿಯುವುದಿಲ್ಲ. ಡಬ್ಬದ ಮೇಲಿನ ಗೈಡ್ ನಂಬರ್ (ಫ್ಲ್ಯಾಶ್ ಬೆಳಕು ಎಷ್ಟು ದೂರ ಮುಟ್ಟುತ್ತದೆ ಎನ್ನುವ ಅಳತೆ) 60 ನೋಡಿ ಮರುಳಾಗಬೇಡಿ. ಅದು ಫ್ಲ್ಯಾಶ್ ತಲೆಯನ್ನು 200 ಮಿಮೀ ಜೂಮ್‌ಗೆ ಇಟ್ಟು, ಅಂದರೆ ಬೆಳಕನ್ನು ಕಿರಿದಾಗಿ ಒಟ್ಟುಮಾಡಿ ಅಳೆದ ಲೆಕ್ಕ. ಬೆಳಕು ಮೆತ್ತಗಾಗಲಿ ಅಂತ ಅಂಬ್ರೆಲಾಕ್ಕೆ (ಫೋಟೊದವರ ಕೊಡೆಗೆ) ಹೊಡೆಯುವಾಗ ಯಾರು ಹಾಗೆ ಇಡುತ್ತಾರೆ? ತೋಟದಲ್ಲಿ, ಹಗಲು ಬೆಳಕಿನಲ್ಲಿ ಎಡಿ200 ಬೇಕೇ ಬೇಕು.

ಅಂಬ್ರೆಲಾನೋ ಸಾಫ್ಟ್‌ಬಾಕ್ಸೋ (ಬೆಳಕು ಪಕ್ಕಕ್ಕೆ ಚೆಲ್ಲದ, ಮುಂದೆ ಬಿಳಿ ಬಟ್ಟೆ ಇರುವ ಪೆಟ್ಟಿಗೆ) ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಮನೆ ಎಂಥದ್ದು ಎಂದು ಕೇಳುತ್ತೇನೆ. ಬಿಳಿ ಪೇಂಟಿನ ಹೊಸ ಆರ್‌ಸಿಸಿ ಮನೆಯಲ್ಲಿ ಅಂಬ್ರೆಲಾದ ಬೆಳಕು ಎಲ್ಲ ಕಡೆ ಚೆಲ್ಲಿ, ಗೋಡೆಗೆ ಬಡಿದು ವಾಪಸ್ ಬಂದು, ಮುಖ ಚಪ್ಪಟೆ ಕಾಣುತ್ತದೆ. ಅಲ್ಲಿ ಸಾಫ್ಟ್‌ಬಾಕ್ಸ್. ಹೆಂಚಿನ ಮನೆಯಲ್ಲಿ ಚೆಲ್ಲಿದ ಬೆಳಕನ್ನು ಆ ಕಪ್ಪು ಜಂತಿಯೇ ನುಂಗುತ್ತದೆ. ಹಾಗಾಗಿ ಅಲ್ಲಿ 43 ಇಂಚಿನ ಬಿಳಿ ಅಂಬ್ರೆಲಾ ಸಾಕು, ಆದರೆ ನೆರಳಿನ ಕಡೆಗೆ ಏನಾದರೂ ಬೆಳ್ಳಗಿರುವುದು ಹಿಡಿಯಲೇಬೇಕು.

ಮರುವರ್ಷ ಅದೇ ಅಜ್ಜಿಯ ಮನೆಗೆ ಹೋದಾಗ ಹೀಗೇ ಮಾಡಿದೆ. ಸ್ಟ್ಯಾಂಡ್ ನಿಲ್ಲಿಸಿ ಅಂಬ್ರೆಲಾ ಬಿಚ್ಚಿದ್ದೇ ತಡ, "ಮನೆ ಸೋರ್ತದೆ ಅಂತ ಕೊಡೆ ತಂದೆಯಾ ಮಾರಾಯ?" ಎಂದು ನಕ್ಕರು. ಮುಖದಿಂದ ಒಂದು ಮೀಟರ್ ದೂರದಲ್ಲಿ, ಓರೆಯಾಗಿ, ತಲೆಗಿಂತ ಎರಡಡಿ ಮೇಲೆ ಇಟ್ಟೆ. ಮೇಲಿದ್ದರೆ ಕನ್ನಡಕದಲ್ಲಿ ಹೊಳಪು ಕಾಣುವುದಿಲ್ಲ. ಎರಡು ಮೀಟರಿಗೆ ಸರಿಸಿದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗವಾಗುತ್ತದೆ, ಜೊತೆಗೆ ನೆರಳೂ ಗಡುಸಾಗುತ್ತದೆ. ನೆರಳಿನ ಕಡೆ ಅವರ ಮೊಮ್ಮಗ ಬಿಳಿ ಪಂಚೆ ಅಗಲಿಸಿ ಹಿಡಿದ. ಫ್ಲ್ಯಾಶ್ ಪೂರ್ತಿ ಪವರಿನ 1/16, ಷಟರ್ 1/60 ಸೆಕೆಂಡ್. ತೊಟ್ಟಿಯಿಂದ ಬರುವ ಬೆಳಕೂ ಹಿಂದೆ ಉಳಿಯಲಿ ಅಂತ ಷಟರ್ ಅಷ್ಟು ನಿಧಾನ. ಮೂಗುತಿಯ ಹರಳಿನಲ್ಲಿ ಒಂದೇ ಒಂದು ಮಿಣುಕು ಬಂತು.

ಆವತ್ತೇ ಅಂಗಳಕ್ಕೆ ಹೋಗಿ ಷಟರ್ 1/500 ಮಾಡಿದ್ದೆ. ಒಳಗೆ ಬಂದು ಮರೆತೇ ಹೊಡೆದರೆ ಚಿತ್ರದ ಅರ್ಧ ಕಪ್ಪು. ಫ್ಲ್ಯಾಶ್ ಹಾಳಾಯಿತೆಂದು ಬೆವರಿದೆ. ನನ್ನ ಕ್ಯಾಮೆರಾದ ಸಿಂಕ್ ಸ್ಪೀಡ್ (ಫ್ಲ್ಯಾಶ್ ಬೆಳಕು ಇಡೀ ಚಿತ್ರಕ್ಕೆ ಸಿಗುವ ಅತಿ ವೇಗದ ಷಟರ್) 1/200, ಅದಕ್ಕಿಂತ ವೇಗಕ್ಕೆ ಬೇಕಾದ ಹೈ ಸ್ಪೀಡ್ ಸಿಂಕ್ ಟ್ರಿಗರ್‌ನಲ್ಲಿ ಆನ್ ಮಾಡಿರಲಿಲ್ಲ, ಅಷ್ಟೇ.

ಸ್ಟ್ಯಾಂಡಿನಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಜಗಲಿಯ ಗಾಳಿಗೆ ಅಂಬ್ರೆಲಾ ಹಾಯಿ ಆಗುತ್ತದೆ. ಒಂದು ಸಲ ಫ್ಲ್ಯಾಶ್ ಸಮೇತ ಅಂಗಳಕ್ಕೆ ಬಿದ್ದು ಕಾಲು ಮುರಿಯಿತು (ಸ್ಟ್ಯಾಂಡಿನದು). ಈಗ ಚೀಲದಲ್ಲಿ ಎರಡು ಇಟ್ಟಿಗೆ ಹಾಕಿ ತೂಗುಬಿಡುತ್ತೇನೆ. ಟಿಟಿ600ಗೆ ನಾಲ್ಕು ರಿಚಾರ್ಜಬಲ್ ಸೆಲ್, ಬ್ಯಾಗಿನಲ್ಲಿ ಇನ್ನೆರಡು ಸೆಟ್. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಸೆಲ್ ಹೊರಗೆ ತೆಗೆದಿಡುತ್ತೇನೆ, ಫ್ಲ್ಯಾಶ್ ಸಿಲಿಕಾ ಜೆಲ್ ಇರುವ ಬಿಗಿ ಡಬ್ಬಿಯಲ್ಲಿ.

ಇನ್ನೊಂದು ಎಡಿ200 ಬೇಕು. ಕಾಫಿ ಕೊಯ್ಲು ಮುಗಿದು ಮದುವೆಗಳು ಶುರುವಾಗಲಿ, ನೋಡೋಣ.