ಪಳೆಯುಳಿಕೆ ಪಾಠ ಮಾಡೂದ್ ಹೆಂಗ? ನಮ್ಮ ಕಾಲಕೆಳಗಿನ ಕಲ್ಲಿಂದನ ಶುರು ಮಾಡ್ರಿ

ನಾನು ಬಾಗಲಕೋಟಿ ಜಿಲ್ಲಾದಾಗ ಹೈಸ್ಕೂಲ್ ಹುಡುಗ್ರಿಗೆ ವಿಜ್ಞಾನ ಕಲಿಸ್ತೀನ್ರಿ. ಪಳೆಯುಳಿಕೆ ಅಂದ ಕೂಡ್ಲೆ ಭಾಳ ಮಂದಿ ಡೈನೋಸಾರ್ ಚಿತ್ರ ತೋರ್ಸಿ ಪಾಠ ಶುರು ಮಾಡ್ತಾರ, ಹುಡುಗ್ರಿಗೆ ಖುಷಿ ಆಗ್ತೈತಿ ಖರೆ, ಆದ್ರ ಅದು ಎಲ್ಲೋ ದೂರ ದೇಶದ ಕತಿ ಆಗಿ ಉಳೀತೈತಿ. ಅದರ ಬದ್ಲಿ ಬೋರ್ಡ್ ಮ್ಯಾಲ ಒಂದ ಪ್ರಶ್ನೆ ಬರೀರಿ: ಬಾದಾಮಿ ಗುಡ್ಡದ ಕಲ್ಲಿನ್ಯಾಗ ಎಲುಬು ಯಾಕ ಸಿಗಂಗಿಲ್ಲ?

"ಯಾರೂ ಅಗದಿಲ್ಲ ಸರ್" ಅಂತಾರ, "ಮಳಿಗೆ ಕರಗಿರ್ಬೇಕು" ಅಂತಾರ. ಉತ್ತರ ಲಗೂನ ಹೇಳ್ಬ್ಯಾಡ್ರಿ, ಎರಡ್ ದಿನ ಆ ಪ್ರಶ್ನೆ ಹಂಗ ಇರ್ಲಿ.

ಮುಂದಿನ ಕ್ಲಾಸಿಗೆ ಒಂದು ಉಳ್ಳಾಗಡ್ಡಿ ತಗೊಂಡ್ ಹೋಗ್ರಿ, ಅರ್ಧ ಕೊಯ್ದು ಟೇಬಲ್ ಮ್ಯಾಲ ಇಡ್ರಿ. ಪಕ್ಕದಾಗ ಸ್ಟ್ರೊಮ್ಯಾಟೊಲೈಟ್ ಫೋಟೊ ಇಡ್ರಿ, ಅದೂ ಹಂಗ ಪದರ್ ಪದರ್. ನಮ್ಮ ಕಲಾದಗಿ ಸೀಮಿ ಸುಣ್ಣದಕಲ್ಲಿನ್ಯಾಗ ಇವು ಅದಾವ. ಕಣ್ಣಿಗೆ ಕಾಣಲಾರದಂಥಾ ಸೂಕ್ಷ್ಮಜೀವಿ ಆಳ ಇಲ್ಲದ ನೀರಿನ್ಯಾಗ ಚಾಪಿ ಹಾಸ್ಧಂಗ ಬೆಳದು, ಮ್ಯಾಲ ಕೆಸರು ಕುಂತು, ಅದರ ಮ್ಯಾಲ ಮತ್ತ ಅವ ಬೆಳದು, ಹಿಂಗ ಕಟ್ಟಿದ ಗುಡ್ಡಿ ಅದು, ನೂರು ಕೋಟಿ ವರ್ಷಕ್ಕೂ ಹಿಂದಿಂದು. ಎಲುಬಿಲ್ಲ, ಚಿಪ್ಪಿಲ್ಲ, ಆದ್ರೂ ಅದು ಜೀವದ ಗುರುತ. ನಮ್ಮ ಹುಡುಗಿ ಒಬ್ಬಾಕಿ ಫೋಟೊದಾಗಿನ ಸ್ಟ್ರೊಮ್ಯಾಟೊಲೈಟ್ ಪದರ್ ಮ್ಯಾಲ ಬಳ್ಳ ಇಟ್ಟು ಎಣಿಸಿಕೋತ ಹೋಗಿ "ಅಂದ್ರ ಒಳಗಿಂದು ಹಳೀದು, ಹೊರಗಿಂದು ಹೊಸಾದು ಹೌದಲ್ರಿ ಸರ್" ಅಂದ್ಳು. ಅಲ್ಲಿಗೆ ಅರ್ಧ ಪಾಠ ಮುಗೀತು ನೋಡ್ರಿ, ಕಲ್ಲಿನ ಪದರ್ ಕೆಳಗಿಂದು ಹಳೀದು, ಮ್ಯಾಲಿಂದು ಹೊಸಾದು, ಇದನ್ನ ಇನ್ನ ಬಾಯಿಪಾಠ ಮಾಡಿಸ್ಬೇಕಾಗಿಲ್ಲ.

ಈಗ ಫೀಲ್ಡಿಗೆ ಕರ್ಕೊಂಡ್ ಹೋಗ್ರಿ. 46 ಮೀಟರ್ ಹಗ್ಗ ಬೇಕು, ಒಂದ್ ಮೀಟರ್ ಅಂದ್ರ 10 ಕೋಟಿ ವರ್ಷ, ಒಂದ್ ತುದಿ ಭೂಮಿ ಹುಟ್ಟಿದ್ದು, ಇನ್ನೊಂದ್ ತುದಿ ಇವತ್ತು. ಇವತ್ತಿನ ತುದಿಯಿಂದ ಹಿಂದಕ್ಕ ಅಳೀರಿ. ಕಲಾದಗಿ ಕಲ್ಲು 10 ಮೀಟರ್ ಆಚಿಗೆ. ಎಲುಬಿನ ಪ್ರಾಣಿಗೋಳು ಬರೂದು ಸುಮಾರು 5 ಮೀಟರಿಗೆ, ಬಾದಾಮಿ ಕಲ್ಲು ಅದಕ್ಕಿಂತ ಹಿಂದಿಂದು. ಡೈನೋಸಾರ್ ಹೋಗಿದ್ದು 66 ಸೆಂಟಿಮೀಟರಿಗೆ, ವಿಜಯಪುರ ಕಡೆ ಕಾಣೂ ಕರಿಗಲ್ಲಿನ ಲಾವಾ ಹರದಿದ್ದೂ ಹೆಚ್ಚುಕಮ್ಮಿ ಅಲ್ಲೇ. ನಾವು ಮನಷ್ಯಾರು? ಕೊನೇ 3 ಮಿಲಿಮೀಟರ್. ಆಗ ಬೋರ್ಡ್ ಮ್ಯಾಲಿನ ಪ್ರಶ್ನೆಗೆ ಅವರ ಉತ್ತರ ಹೇಳ್ತಾರ: ಬಾದಾಮಿ ಉಸುಕು ಕುಂತಾಗ ಜಗತ್ತಿನ್ಯಾಗ ಎಲುಬ ಇರಲಿಲ್ಲ. ಜೀವವಿಕಾಸಕ್ಕ ಇದಕ್ಕಿಂತ ಗಟ್ಟಿ ಸಾಕ್ಷಿ ನನಗಂತೂ ಗೊತ್ತಿಲ್ರಿ. ಯಾವ ಪ್ರಾಣಿ ಯಾವ ಪದರಿನ್ಯಾಗ ಅನ್ನೂದು ಎಲ್ಲೇ ಅಗದ್ರೂ ಅದ ಸಾಲಿನ್ಯಾಗ ಬರ್ತೈತಿ.

ಅಚ್ಚು ಮಾಡೂದಕ್ಕ ಮಣ್ಣೆತ್ತಿನ ಅಮಾಸಿಗೆ ಎತ್ತು ಮಾಡ್ತೀವಲ್ಲ, ಅದ ಮಣ್ಣು ಛಲೋ. ಬಸವನಹುಳದ ಖಾಲಿ ಚಿಪ್ಪಿಗೆ ಎಣ್ಣಿ ಸವರಿ ಮಣ್ಣಿನ್ಯಾಗ ಒತ್ತಿ ತೆಗೀರಿ, ಎರಡ್ ಕಪ್ ಪ್ಲಾಸ್ಟರ್ ಆಫ್ ಪ್ಯಾರಿಸಿಗೆ ಒಂದ್ ಕಪ್ ನೀರು ಹಾಕಿ ಕಲಸಿ ಹೊಯ್ರಿ, ಅರ್ಧ ತಾಸು ಬಿಡ್ರಿ. ಬರಿಗೈಲೆ ಕಲಸಾಕ ಬಿಡಬ್ಯಾಡ್ರಿ, ಗಟ್ಟಿ ಆಗುವಾಗ ಬಿಸಿ ಆಗ್ತೈತಿ, ಕೈ ಸುಡ್ತೈತಿ. ಚಿಪ್ಪು ಹೋದ್ರೂ ಗುರುತು ಉಳೀತು. ಆಮ್ಯಾಲ ಕೇಳ್ರಿ, ಎರಿಹುಳ ಸತ್ರ ಏನ್ ಉಳೀತೈತಿ? ಮೆತ್ತಗಿಂದು ಕೊಳತ ಹೋಗ್ತೈತಿ, ಅದಕ್ಕ ಪಳೆಯುಳಿಕೆ ದಾಖಲಿ ನಡು ನಡು ಹರದ ಪುಸ್ತಕದಂಗ.

ಹುಡುಗ್ರು ಕಲ್ಲು ಹುಡುಕ್ಕೊಂಡ್ ಬರಾಕ ಶುರು ಮಾಡ್ತಾರ, ಬರ್ಲಿ. ಒಬ್ಬಾವ ಜರೀಗಿಡದಂಥಾ ಕರಿ ಗೆರಿ ಇದ್ದ ಕಲ್ಲು ತಂದಿದ್ದ, ನಾನೂ ಒಂದ್ ಗಳಿಗಿ ಎಲಿ ಅಂತನ ನಂಬಿದ್ದೆ. ಲೆನ್ಸ್ ಇಟ್ಟು ನೋಡಿದ್ವಿ, ನಡುವಿನ ನರ ಇಲ್ಲ, ಬಿರುಕಿನ ಗುಂಟ ಹಬ್ಬೇತಿ. ಅದು ಮ್ಯಾಂಗನೀಸ್ ಖನಿಜ, ಡೆಂಡ್ರೈಟ್ ಅಂತಾರ. ಅಲ್ಲ ಅಂತ ಪರೀಕ್ಷಾ ಮಾಡಿ ತಿಳ್ಕೊಳ್ಳೂದೂ ವಿಜ್ಞಾನನ, ಆ ಹುಡುಗಗ ಶಾಬಾಸ್ ಅಂದೆ. ಬಾದಾಮಿ ಐಹೊಳಿ ಕಡೆ ಹೋದ್ರ ಮಾತ್ರ ಕಲ್ಲು ಒಡಿಯೂದು ಬ್ಯಾಡ, ಫೋಟೊ ಸಾಕು.

ಎಲುಬು ಬೇಕ ಬೇಕು ಅಂದ್ರ ಬೆಳಗಾವಿ ಜಿಲ್ಲಾದ್ದ ಒಂದೈತಿ: ಗೋಕಾಕದ ಹತ್ರ ಸಿಕ್ಕ ಘೇಂಡಾಮೃಗದ ಪಳೆಯುಳಿಕೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಾಗ ಅದಕ್ಕ ರೈನೋಸೆರಾಸ್ ಡೆಕ್ಕನೆನ್ಸಿಸ್ ಅಂತ ಹೆಸರಿಟ್ಟು ಪ್ರಕಟ ಮಾಡಿದ್ರು. ಇವತ್ತು ಕಾಡಿನ್ಯಾಗ ಘೇಂಡಾಮೃಗ ನೋಡ್ಬೇಕಂದ್ರ ಕಾಜಿರಂಗದಂಥಾ ಕಡೆ ಹೋಗ್ಬೇಕು, ಅಂಥಾದ್ದು ನಮ್ಮ ಹಳ್ಳದ ದಂಡಿಗೆ ಅಡ್ಡಾಡತಿತ್ತು ಅಂದ್ರ ಆಗ ಇಲ್ಲಿ ನೆಲ ಹೆಂಗಿತ್ತು, ಹುಲ್ಲು ನೀರು ಎಷ್ಟಿತ್ತು ಅಂತ ಹುಡುಗ್ರ ಕಡಿಂದನ ಹೇಳಿಸ್ರಿ. ಬದಲಾವಣಿ ತೋರ್ಸಾಕ ತಿಮಿಂಗಿಲದ ಸಾಲು ಒಂದ ಸಾಕು, ಸುಮಾರು 5 ಕೋಟಿ ವರ್ಷದ ಹಿಂದಿನ ಪಾಕಿಸೀಟಸ್ ಅನ್ನೂ ಹಳೇ ತಿಮಿಂಗಿಲ ನಾಲ್ಕ್ ಕಾಲ್ ಮ್ಯಾಲ ನಡೀತಿತ್ತು, ಆಮ್ಯಾಲ ಬಂದ ಬ್ಯಾಸಿಲೋಸಾರಸ್ ಅನ್ನೂ ತಿಮಿಂಗಿಲಕ್ಕ ಸಣ್ಣ ಹಿಂಗಾಲು ಅಷ್ಟ ಉಳದಿದ್ವು.

"ಮಂಗ್ಯಾನಿಂದ ಮನಷ್ಯಾ ಆದ್ರ ಮಂಗ್ಯಾ ಯಾಕ ಇನ್ನೂ ಅದಾವ ಸರ್" ಅಂತ ಕೇಳೇ ಕೇಳ್ತಾರ. ಬೈಬ್ಯಾಡ್ರಿ, ಛಲೋ ಪ್ರಶ್ನೆ ಅದು. ಅವರ ಮನಿ ವಂಶಾವಳಿ ಬರಸ್ರಿ. ನೀನು, ನಿಮ್ಮ ಕಾಕಾನ ಮಗಾ, ಇಬ್ರಿಗೂ ಅಜ್ಜ ಒಬ್ಬನ, ಆದ್ರ ನೀ ಕಾಕಾನ ಮಗನಿಂದ ಹುಟ್ಟಿಲ್ಲ. ಮಂಗ್ಯಾಂದೂ ನಮ್ದೂ ಅಷ್ಟ ಸಂಬಂಧ, ಅಜ್ಜ ಮಾತ್ರ ಭಾಳ ಹಿಂದ ಅದಾನ.